ಟಿವಿಯ ಮೇಲಿನ ಆರೋಪ

ಕುರ್ಚಿ ಅಕ್ಕನ ಜೊತೆಗೇ ಎದ್ದಿತು. ಆಸ್ಪತ್ರೆಯ ಹೊರಕೋಣೆಯಲ್ಲಿ ಗೋಡೆಗುಂಟ ಸಾಲಾಗಿ ಹಾಕಿದ್ದ, ಎರಡೂ ಕಡೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಅದು. ನರ್ಸ್ ಬಾಗಿಲ ಸಂದಿಯಿಂದ ಯಾರದೋ ಹೆಸರು ಕೂಗಿದಳು. ತನ್ನದೇ ಎಂದುಕೊಂಡು ಅಕ್ಕ ಗಡಿಬಿಡಿಯಲ್ಲಿ ಎದ್ದಳು, ಸೊಂಟಕ್ಕೆ ಕಚ್ಚಿಕೊಂಡ ಕುರ್ಚಿ ನಾಲ್ಕೂ ಕಾಲುಗಳನ್ನು ಹಿಂದಕ್ಕೆ ಚಾಚಿಕೊಂಡು ಅವಳ ಬೆನ್ನಿಗೆ ನಿಂತಿತು. ಪಕ್ಕದಲ್ಲಿದ್ದ ಅವಳ ತಮ್ಮ ಆಸರೆಗೆ ಕೈ ಕೊಡಬೇಕಿತ್ತು. ಕೊಡಲಿಲ್ಲ. ಅರ್ಧ ಹೆಜ್ಜೆ ಆಚೆ ಸರಿದು, ಎದುರುಗೋಡೆಯ ಮೇಲೆ ‘ಮಾತನಾಡಬೇಡಿ’ ಎಂದು ಬರೆದಿದ್ದ ಫಲಕವನ್ನು ಈಗಷ್ಟೇ ಕಂಡವನಂತೆ ಓದಿದ. ಆ ಅರ್ಧ ಹೆಜ್ಜೆಯನ್ನು ಯಾರೂ ಗಮನಿಸಿರಲಾರರು, ಆದರೆ ಅದನ್ನಿಟ್ಟ ಕಾಲು ಅವನದೇ ಆಗಿತ್ತು. ಚಪ್ಪಲಿಯೊಳಗೆ ಬೆರಳುಗಳು ಬೆವರಿದವು. ಅಷ್ಟರಲ್ಲಿ ಎದುರಿನ ಸಾಲಿನ ಹೆಂಗಸೊಬ್ಬಳು ತೊಡೆಯ ಮೇಲಿದ್ದ ಮಗುವನ್ನು ಪಕ್ಕದವರಿಗೆ ಕೊಟ್ಟು ಬಂದು, ಕುರ್ಚಿಯ ಬೆನ್ನು ಹಿಡಿದು ಕೆಳಕ್ಕೆ ಒತ್ತಿದಳು. ಪ್ಲಾಸ್ಟಿಕ್ಕು ಟಪ್ಪೆಂದು ಬಿಟ್ಟುಕೊಂಡಿತು.

“ನನ್ನ ಬಿಟ್ಟಿರೋಕೆ ಆಗಲ್ವಂತೆ ಇದಕ್ಕೆ,” ಎಂದು ಅಕ್ಕ ಗಟ್ಟಿಯಾಗಿ ನಕ್ಕಳು.

ನಗಲು ಅಪ್ಪಣೆ ಸಿಕ್ಕಿತೆಂಬ ಸಮಾಧಾನದಲ್ಲಿ ಕೋಣೆಯೆಲ್ಲ ನಕ್ಕಿತು. ಕೋಲು ಹಿಡಿದ ಮುದುಕರೊಬ್ಬರು ಸರಿದು ಕೂತು ತಮ್ಮ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. “ಬಾರೋ ಕಡ್ಡಿ, ಕೂತ್ಕೋ. ಯಾಕೆ ಕಂಬದ ಥರ ನಿಂತಿದ್ದೀಯ,” ಎಂದಳು ಅಕ್ಕ. ಕಡ್ಡಿ ಎಂಬ ಹೆಸರಿಗೆ ಕೋಣೆ ಇನ್ನೊಮ್ಮೆ ನಕ್ಕಿತು. ಯಾಕೆಂದರೆ ಬೆಂಚಿನತ್ತ ಬಂದವನ ಅಂಗಿಯ ನಡುವಿನ ಗುಂಡಿ ಉಸಿರು ಬಿಗಿಹಿಡಿದುಕೊಂಡಿತ್ತು, ಬೆಲ್ಟು ತನ್ನ ಕೊನೆಯ ತೂತಿನಲ್ಲಿತ್ತು. ಚಿಕ್ಕವನಿದ್ದಾಗ ಗಾಳಿ ಜೋರಾದರೆ ಇವನನ್ನು ಒಳಗೆ ಕರೆದುಕೊಳ್ಳಿ ಎಂದು ಮನೆಯವರು ತಮಾಷೆ ಮಾಡುತ್ತಿದ್ದರಂತೆ. ಮೈಯೆಲ್ಲ ಬದಲಾದರೂ ಅಕ್ಕನ ಬಾಯಲ್ಲಿ ಅವನು ಆವತ್ತಿನವನೇ. ಆದರೆ ಅವನು ಕೆಲಸ ಮಾಡುವ ನ್ಯಾಯಾಲಯದಲ್ಲಿ ಅವನನ್ನು ಯಾರೂ ದಪ್ಪ ಎನ್ನುತ್ತಿರಲಿಲ್ಲ. ಮೈಕೈ ತುಂಬಿಕೊಂಡಿದ್ದೀರಿ, ನೌಕರಿ ಹಿಡಿಸಿದೆ ಎನ್ನುತ್ತಿದ್ದರು. ಗಂಡಸಿನ ಹೊಟ್ಟೆಗೆ ಸಿಗುವ ಈ ರಿಯಾಯಿತಿ ಅಕ್ಕನಿಗೆ ಇರಲಿಲ್ಲ. ಅವಳನ್ನು ಜನ ಮೆಟ್ಟಿಲಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಮೊದಲು ಪೂರ್ತಿ ನೋಡಿ ಆಮೇಲೆ ಮುಖ ನೋಡುತ್ತಿದ್ದರು.

ಕೋಣೆಯ ಮೂಲೆಯಲ್ಲಿ ಎತ್ತರಕ್ಕೆ ತೂಗುಹಾಕಿದ ಟಿವಿ ಇತ್ತು. ಯಾರಿಗೂ ತೊಂದರೆಯಾಗದಿರಲೆಂದು ದನಿ ನಿಲ್ಲಿಸಿದ್ದರು. ಅದರಲ್ಲಿ ಸೀರೆಯುಟ್ಟ ಹೆಂಗಸರಿಬ್ಬರು ಬಾಯಿ ತೆರೆಯುತ್ತ ಮುಚ್ಚುತ್ತ ಜಗಳವಾಡುತ್ತಿದ್ದರು. “ಈ ಕೆಂಪು ಬೊಟ್ಟಿನವಳಿದ್ದಾಳಲ್ಲ, ಅವಳು ಕೆಟ್ಟವಳಲ್ಲ. ಅವಳನ್ನ ಕೆಟ್ಟವಳು ಮಾಡ್ತಿದ್ದಾರೆ ಅಷ್ಟೆ,” ಎಂದು ಅಕ್ಕ ಕೋಲಿನ ಮುದುಕರಿಗೆ ಹೇಳಿಕೊಡತೊಡಗಿದಳು. ಮುದುಕರು ಕತ್ತೆತ್ತಿ ನೋಡಿ, “ಹಾಗಾದ್ರೆ ಆ ದುಡ್ಡು ಯಾರು ತಗೊಂಡಿದ್ದು?” ಎಂದು ಕೇಳಿದರು. ಅವರೂ ಅದೇ ಧಾರಾವಾಹಿಯ ಗಿರಾಕಿ. ಇನ್ನು ಸ್ವಲ್ಪ ಹೊತ್ತಿಗೆ ಒಳಗಿನ ಡಾಕ್ಟರು ಅಕ್ಕನ ಎದೆಯ ಸ್ಕ್ಯಾನ್ ನೋಡಿ ಏನು ಹೇಳಲಿದ್ದಾರೋ ಎಂಬ ದಿಗಿಲು ಅವಳಲ್ಲಿ ಒಂದಿಷ್ಟೂ ಕಾಣಲಿಲ್ಲ. ಅಥವಾ ಕಂಡದ್ದು ಅವನಿಗೆ ಓದಲು ಬರಲಿಲ್ಲ. ಹಿಂದಿನ ವಾರ ಮನೆಯ ಮೆಟ್ಟಿಲ ನಡುವೆ ಅವಳು ಕೂತುಬಿಟ್ಟಿದ್ದಳು. ಕೈಯಲ್ಲಿ ತರಕಾರಿ ಚೀಲ, ಬಾಯಿ ತೆರೆದಿತ್ತು, ಉಸಿರು ಮಾತ್ರ ಒಳಗೆ ಹೋಗದೆ ಬಾಗಿಲಲ್ಲೇ ತಡೆದು ನಿಂತ ಹಾಗಿತ್ತು. ಕೆಲಸದಿಂದ ಬರುತ್ತಿದ್ದವನು ಕೆಳಗಿನಿಂದ ನೋಡಿದಾಗ ಮೊದಲು ಕಂಡದ್ದು ಮೆಟ್ಟಿಲ ಅಗಲವನ್ನೆಲ್ಲ ತುಂಬಿಕೊಂಡ ಅವಳ ಸೀರೆ. ‘ದಾರಿ ಬಿಡು’ ಎನ್ನುವ ಮಾತು ನಾಲಿಗೆಯ ತನಕ ಬಂದಿತ್ತು. ಆಮೇಲೆ ತುಟಿಯ ಬಣ್ಣ ನೋಡಿದ. ಬೀದಿಯ ಡಾಕ್ಟರು ನಾಡಿ ಹಿಡಿದು, ಹೃದಯ ದೊಡ್ಡದಾಗಿರಬಹುದು, ಇಷ್ಟು ತೂಕ ಹೊತ್ತು ಅದು ತಾನೆ ಎಷ್ಟು ದಿನ ದುಡಿದೀತು, ದೊಡ್ಡಾಸ್ಪತ್ರೆಗೆ ಹೋಗಿ ಎಂದಿದ್ದರು. ಅಕ್ಕನ ಹೃದಯ ದೊಡ್ಡದು ಎನ್ನುವುದನ್ನು ಬೇರೆ ಅರ್ಥದಲ್ಲಿ ಎಷ್ಟೋ ಜನ ಹೇಳಿದ್ದರು. ಆ ಮಾತು ಹೀಗೆ ರೋಗವಾಗಿ ಬಂದು ನಿಲ್ಲುತ್ತದೆಂದು ಅವನು ಎಣಿಸಿರಲಿಲ್ಲ.

ಬೆಂಚಿನ ಮೇಲೆ ಯಾರೋ ಬಿಟ್ಟುಹೋಗಿದ್ದ ವಾರಪತ್ರಿಕೆಯನ್ನು ಕೈಗೆತ್ತಿಕೊಂಡ. ಆರೋಗ್ಯದ ಪುಟ ತಾನಾಗಿಯೇ ತೆರೆದುಕೊಂಡಿತು: ‘ಟಿವಿ ನೋಡಿದರೆ ದಪ್ಪಗಾಗುತ್ತಾರೆಯೇ?’ ತಲೆಬರಹದಲ್ಲಿ ಪ್ರಶ್ನೆಯ ಚಿಹ್ನೆ ಇತ್ತು, ಒಳಗಡೆ ಪ್ರಶ್ನೆಯೇ ಇರಲಿಲ್ಲ. ಟಿವಿ ನೋಡುವವರು ಕೂತಲ್ಲೇ ಕೂರುತ್ತಾರೆ, ಕೂತವರ ಕೈ ಸುಮ್ಮನಿರುವುದಿಲ್ಲ, ತಿಂದದ್ದು ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದಲ್ಲಿ ಸೋಫಾದಲ್ಲಿ ಹೂತುಹೋದ ಹೆಂಗಸಿನ ಚಿತ್ರ. ಮುಖದ ಜಾಗದಲ್ಲಿ ಪರದೆಯ ನೀಲಿ ಬೆಳಕು. ಅವನು ಪತ್ರಿಕೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತ. ಅಕ್ಕ ನೋಡಬಾರದೆಂದಲ್ಲ. ಮನೆಯ ಟಿವಿಯನ್ನು ಕೊಂಡು ತಂದವನು ಅವನೇ.

ಭಾವ ತೀರಿಕೊಂಡ ಮೇಲೆ ಅಕ್ಕ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಹಿಡಿದುಕೊಂಡು ಇವನ ಎರಡು ಕೋಣೆಯ ಮನೆಗೆ ಬಂದಳು. ಹಗಲೆಲ್ಲ ಸರಿಯಾಗಿರುತ್ತಿದ್ದಳು. ಕಿಟಕಿ ಒರೆಸುವಳು, ಪಾತ್ರೆಗಳ ಜಾಗ ಬದಲಿಸುವಳು, ಮದುವೆಯಾಗದ ಗಂಡಸಿನ ಅಡುಗೆಮನೆ ಹೇಗಿರುತ್ತದೆಂದು ಕೆಳಗಿನ ಮನೆಯವರಿಗೆ ಬಣ್ಣಿಸಿ ನಗಿಸುವಳು. ಸಂಜೆಯ ಬೆಳಕು ಎದುರುಮನೆಯ ತಾರಸಿಯಿಂದ ಇಳಿಯುವ ಹೊತ್ತಿಗೆ ಮಾತ್ರ ಕೂತಲ್ಲೇ ಅಳು ಶುರುವಾಗುತ್ತಿತ್ತು. ದನಿಯಿಲ್ಲದ ಅಳು. ಅವನು ಎದುರು ಕೂತು ಮೊಣಕಾಲ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದ. ನೀರು ಬೇಕಾ ಎಂದು ಕೇಳುತ್ತಿದ್ದ. ಬೇಡ ಎನ್ನುತ್ತಿದ್ದಳು. ಇನ್ನೇನು ಕೇಳಬೇಕೆಂದು ಗೊತ್ತಾಗುತ್ತಿರಲಿಲ್ಲ. ನ್ಯಾಯಾಲಯದಲ್ಲಿ ಅವನ ಕೆಲಸ ಸಾಕ್ಷಿಗಳ ಹೇಳಿಕೆಯನ್ನು ಟೈಪು ಮಾಡುವುದು. ಅಲ್ಲಿಯೂ ಜನ ಅಳುತ್ತಿದ್ದರು, ಅಲ್ಲಿ ಅವನಿಗೆ ತೊಂದರೆಯಿರಲಿಲ್ಲ; ಕಟಕಟೆಯಲ್ಲಿ ನಿಂತವರು ಎಷ್ಟೇ ಬಿಕ್ಕಿದರೂ ನ್ಯಾಯಾಧೀಶರು ಅದನ್ನೆಲ್ಲ ಒಂದು ಒಣ ವಾಕ್ಯ ಮಾಡಿ ಹೇಳುವರು, ಅವನ ಬೆರಳು ಆ ವಾಕ್ಯವನ್ನಷ್ಟೇ ಒತ್ತುವುದು. ಅಳು ಕಾಗದದ ಮೇಲೆ ಬರುತ್ತಿರಲಿಲ್ಲ. ಮನೆಯಲ್ಲಿ ಅಳುವನ್ನು ವಾಕ್ಯ ಮಾಡಿಕೊಡುವವರು ಯಾರೂ ಇರಲಿಲ್ಲ. ಒಂದು ದಿನ ಟಿವಿ ಕೊಂಡು ತಂದ. ಅಂಗಡಿಯವನು ಬಂದು ಗೋಡೆಗೆ ಸಿಕ್ಕಿಸಿ, ವಯರು ಜೋಡಿಸಿ ಗುಂಡಿ ಒತ್ತಿದಾಗ ಮನೆಯೊಳಗೆ ಒಮ್ಮೆಲೇ ಹತ್ತಾರು ಜನ ನುಗ್ಗಿ ಮಾತಾಡತೊಡಗಿದರು. ಅಕ್ಕ ಕಣ್ಣೊರೆಸಿಕೊಂಡು ನೋಡಿದಳು. ಅವನಿಗೆ ಅನಿಸಿದ ಹಗುರ ಎಂಥದ್ದೆಂದರೆ, ಸರದಿ ಮುಗಿದ ಕಾವಲುಗಾರನದು. ಮಾರನೆಯ ದಿನದಿಂದ, ನಾಳೆ ಟೈಪು ಮಾಡಿದರೂ ನಡೆಯುವ ನಕಲುಗಳನ್ನು ಸಂಜೆಯೇ ಕೂತು ಮುಗಿಸತೊಡಗಿದ. ಕೆಲಸವಿಲ್ಲದ ದಿನ ಟೈಪುಯಂತ್ರ ಒರೆಸಿದ. ಅದೂ ಆದ ಮೇಲೆ ಕ್ಯಾಂಟೀನಿನಲ್ಲಿ ಗುಮಾಸ್ತರ ಜೊತೆ ಕೂತ. ವರ್ಷಗಳು ಹೀಗೇ ಹೋದವು. ಅಕ್ಕ ಟಿವಿಯ ಮುಂದೆ ಕೂತಳು, ಕೂತಲ್ಲೇ ಅಗಲವಾದಳು. ಅವನು ಅದನ್ನು ಗೋಡೆಯ ತೇವ ಹರಡುವುದನ್ನು ನೋಡಿದ ಹಾಗೆ ನೋಡಿದ: ದಿನವೂ ನೋಡಿದ್ದರಿಂದ ಯಾವತ್ತೂ ನೋಡಲಿಲ್ಲ.

“ಅಮ್ಮಾ, ನೀವೇ. ಬನ್ನಿ,” ಎಂದು ನರ್ಸ್ ಮೊಣಕೈ ಹಿಡಿದಾಗಲೇ ಅಕ್ಕನ ಸರದಿ ಬಂದದ್ದು ಇಬ್ಬರಿಗೂ ತಿಳಿದದ್ದು. ಡಾಕ್ಟರ ಕೋಣೆಗೆ ಮೊದಲು ಒಂದು ಇಕ್ಕಟ್ಟಿನ ಜಾಗ. ಅಲ್ಲಿ ತೂಕದ ಯಂತ್ರ. ಅಕ್ಕ ಚಪ್ಪಲಿ ಬಿಟ್ಟಳು, ಬಳೆ ತೆಗೆಯಲೇ ಎಂದು ಕೇಳಿದಳು, ಬೇಡ ಎಂದಮೇಲೂ ಕೈಚೀಲವನ್ನು ತಮ್ಮನ ಕೈಗೆ ಕೊಟ್ಟಳು. ಯಂತ್ರ ಕಿರ್‍ರೆಂದಿತು. ನರ್ಸ್ ಅಂಕಿಯನ್ನು ಒಳಗಿನವರಿಗೂ ಹೊರಗಿನವರಿಗೂ ಕೇಳಿಸುವ ಹಾಗೆ ಕೂಗಿ ಹೇಳಿದಳು. ಅವಳಿಗೆ ಅದು ದಿನದ ಕೆಲಸ. ಅವನು ಎದುರಿಗೆ ತೂಗುತ್ತಿದ್ದ ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದ. ಕೊನೆಯ ಸಾಲು ಕಾಣಲಿಲ್ಲ. ಅಕ್ಕ ಇಳಿಯುತ್ತ, “ಸೀರೇದೇ ಎಷ್ಟೋ ಇರುತ್ತಮ್ಮ, ಅದನ್ನ ಕಳೀರಿ,” ಎಂದಳು. ನರ್ಸ್ ನಗದೆ, “ಎಲ್ಲಾರೂ ಹಂಗೇ ಅಂತಾರೆ,” ಎಂದಳು. ಆಗ ಅಕ್ಕನ ನಗು ಸ್ವಲ್ಪ ಕುಂದಿತು. ಚಪ್ಪಲಿ ಹಾಕಿಕೊಳ್ಳಲು ಅವಳು ಕಾಲಿನಿಂದ ನೆಲ ತಡಕುತ್ತಿದ್ದಳು; ಹೊಟ್ಟೆಯ ಆಚೆ ಇದ್ದ ಅದು ಅವಳಿಗೆ ಕಾಣುತ್ತಿರಲಿಲ್ಲ. ಅವನು ಬಗ್ಗಿದ, ಬಗ್ಗಿದಾಗ ತನ್ನ ಹೊಟ್ಟೆಯೂ ಅಡ್ಡ ಬಂತು, ಹೇಗೋ ಚಪ್ಪಲಿಯನ್ನು ಅವಳ ಬೆರಳಿಗೆ ಸಿಕ್ಕಿಸಿದ. ಎದ್ದಾಗ ಇಬ್ಬರ ಮುಖವೂ ಒಂದೇ ಥರ ಕೆಂಪಾಗಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿಕೊಂಡು ಸ್ಕ್ಯಾನಿನ ಕಾಗದಗಳನ್ನು ಒಂದೊಂದಾಗಿ ತಿರುವಿದರು. ಮೇಲೆ ಫ್ಯಾನಿನ ಕಟಕಟ. ಅವನು ತನ್ನ ಬೆರಳುಗಳು ತೊಡೆಯ ಮೇಲೆ ಟೈಪು ಮಾಡುತ್ತಿರುವುದನ್ನು ಗಮನಿಸಿದ: ‘ಸದರಿ ಆರೋಪಿಯು ತನ್ನ ಸ್ವಂತ ಅಕ್ಕನನ್ನು ಮಾತಿಲ್ಲದೆ ಒಂಟಿಯಾಗಿ ಬಿಟ್ಟು, ಆಕೆಯ ಬಾಯಿ ಮುಚ್ಚಿಸುವ ಉದ್ದೇಶದಿಂದಲೇ ಸದರಿ ಟಿವಿಯನ್ನು...’ ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿದ.

“ಹೃದಯಕ್ಕೆ ಏನೂ ಆಗಿಲ್ಲಮ್ಮ,” ಎಂದರು ಡಾಕ್ಟರು, ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಎನ್ನುವಷ್ಟು ಸಹಜವಾಗಿ. “ಚೆನ್ನಾಗಿದೆ. ದೊಡ್ಡದೂ ಆಗಿಲ್ಲ, ಸಣ್ಣದೂ ಆಗಿಲ್ಲ.”

ಅವನಿಗೆ ಅದು ಕೇಳಿಸಿತು, ಆದರೆ ಒಳಗೆ ಇಳಿಯಲಿಲ್ಲ. “ಅಂದ್ರೆ?” ಎಂದ.

“ಅಂದ್ರೆ ಏನೂ ಆಗಿಲ್ಲ ಅಂತ. ಉಸಿರು ಕಟ್ಟಿದ್ದು ತೂಕದಿಂದ. ಸಕ್ಕರೆ ಅಂಚಿನಲ್ಲಿದೆ, ಇನ್ನೂ ದಾಟಿಲ್ಲ. ಮಂಡಿ ಸವೀತಿದೆ. ತೂಕ ಇಳಿಸಿದ್ರೆ ಎಲ್ಲಾ ಹತೋಟಿಗೆ ಬರುತ್ತೆ. ಇಳಿಸದೇ ಹೀಗೇ ಬಿಟ್ರೆ ಆಗ ಹೃದಯದ ಮಾತು ಆಡೋಣ.”

ಅಕ್ಕ ಅವನ ಕಡೆ ತಿರುಗಿ, “ನಾನು ಹೇಳಿರ್ಲಿಲ್ವಾ?” ಎಂದಳು. ಅವಳು ಏನೂ ಹೇಳಿರಲಿಲ್ಲ. ಅವನು ಕೆಮ್ಮತೊಡಗಿದ. ಡಾಕ್ಟರು ಅವನ ಮುಂದೆ ನೀರಿನ ಲೋಟ ಸರಿಸಿ, ಅಕ್ಕನನ್ನು ಕೇಳತೊಡಗಿದರು. ಎಷ್ಟು ನಡೀತೀರಿ? ಮಾರ್ಕೆಟ್ಟಿನ ತನಕ. ನಿದ್ದೆ? ಬರುತ್ತೆ. ಟಿವಿ ನೋಡ್ತೀರಾ?

“ನೋಡ್ತೀನಿ,” ಎಂದಳು ಅಕ್ಕ.

“ಅಷ್ಟೇನಿಲ್ಲ ಡಾಕ್ಟ್ರೆ,” ಎಂದು ಅವನು ನಡುವೆ ಬಾಯಿ ಹಾಕಿದ. “ಸುಮ್ನೆ, ಸ್ವಲ್ಪ ಹೊತ್ತು.”

ಅಕ್ಕ ಅವನನ್ನು ವಿಚಿತ್ರವಾಗಿ ನೋಡಿದಳು. “ಎಲ್ಲಿ ಸ್ವಲ್ಪ ಹೊತ್ತು? ದೀಪ ಹಚ್ಚೋ ಹೊತ್ತಿಗೆ ಕೂತ್ರೆ ಇವನು ಬರೋ ತನಕ ನೋಡ್ತೀನಿ. ಮಧ್ಯಾಹ್ನದ್ದೂ ಒಂದಿದೆ. ಯಾಕೆ, ನೋಡಬಾರದಾ?”

“ಇವತ್ತೇ ತೆಗೆಸಿಬಿಡ್ತೀನಿ,” ಎಂದ ಅವನು. ದನಿ ತನಗೇ ದೊಡ್ಡದಾಗಿ ಕೇಳಿಸಿತು. “ಎಲ್ಲಾ ಅದರಿಂದಲೇ ಆಗಿದ್ದು. ತಂದವನೂ ನಾನೇ. ಇವತ್ತೇ ಯಾರಿಗಾದ್ರೂ ಕೊಟ್ಟುಬಿಡ್ತೀನಿ ಡಾಕ್ಟ್ರೆ.”

“ಅಯ್ಯೋ!” ಅಕ್ಕ ಕುರ್ಚಿಯಲ್ಲೇ ಹಿಂದಕ್ಕೆ ಸರಿದಳು. ಸ್ಕ್ಯಾನಿಗೂ ತೂಕಕ್ಕೂ ಹೆದರದವಳ ಮುಖ ಈಗ ಬಿಳಿಚಿಕೊಂಡಿತು. “ಟಿವಿ ಏನ್ ಮಾಡ್ತೋ ನಿಂಗೆ?”

ಡಾಕ್ಟರು ಕನ್ನಡಕವನ್ನು ಕೆಳಗಿಳಿಸಿ ಇಬ್ಬರನ್ನೂ ನೋಡಿದರು. “ಸ್ವಲ್ಪ ಇರಿ ಸಾರ್. ಟಿವಿಗೂ ತೂಕಕ್ಕೂ ಸಂಬಂಧ ಇಲ್ಲ ಅಂತ ನಾನು ಹೇಳಲ್ಲ. ಕೂತಲ್ಲಿಂದ ಏಳಲ್ಲ, ಅದೊಂದು. ಕಣ್ಣು ಅಲ್ಲಿರುತ್ತೆ, ಕೈ ತಟ್ಟೇಲಿರುತ್ತೆ, ಹೊಟ್ಟೆ ತುಂಬಿದ್ದು ಯಾರಿಗೂ ಗೊತ್ತಾಗಲ್ಲ, ಅದೊಂದು. ಆದ್ರೆ ಟಿವಿ ಯಾರ ಬಾಯಿಗೂ ತುತ್ತು ಇಡಲ್ಲ. ಅದನ್ನ ಗೋಡೆಯಿಂದ ಕಿತ್ತ ತಕ್ಷಣ ತೆಳ್ಳಗಾಗ್ತಾರೆ ಅಂತ ನೀವು ಅಂದ್ಕೊಂಡಿದ್ರೆ ನಿರಾಸೆ ಆಗುತ್ತೆ. ಅಮ್ಮಾ, ನಿನ್ನೆ ಸಂಜೆಯಿಂದ ಏನೇನು ತಿಂದ್ರಿ, ಹಾಗೇ ಹೇಳ್ತಾ ಹೋಗಿ.”

ಅಕ್ಕ ಸಾಕ್ಷಿಗೆ ನಿಂತವಳಂತೆ ಸೆರಗು ಸರಿಮಾಡಿಕೊಂಡಳು. ಸಂಜೆ ಟೀ, ಅದರ ಜೊತೆ ಬಿಸ್ಕತ್ತು. ಆಮೇಲೆ ಧಾರಾವಾಹಿ ಶುರುವಾಗುವಾಗ ಒಂದು ಹಿಡಿ ಹುರಿದ ಕಡಲೆಕಾಯಿ. ಒಂದೇ ಹಿಡಿಯಾ? ಹಿಡಿ ದೊಡ್ಡದು ಅಂತಿಟ್ಕೊಳ್ಳಿ. ಆಮೇಲೆ ಅಲ್ಲೇ ತಟ್ಟೆ ಹಾಕಿಕೊಂಡು ಊಟ. ಹೊಟ್ಟೆ ತುಂಬ. ಆಮೇಲೆ ಏನಿಲ್ಲ.

“ಅಷ್ಟೇನಾ?”

“ಅಷ್ಟೆ. ಆಮೇಲೆ ಇವನು ಬಂದ್ಮೇಲೆ ಇನ್ನೊಂದ್ಸಲ ಊಟ.”

ಡಾಕ್ಟರ ಪೆನ್ನು ನಿಂತಿತು. “ಇನ್ನೊಂದ್ಸಲ ಅಂದ್ರೆ?”

“ಇನ್ನೇನು ಮಾಡ್ಲಿ? ಒಬ್ಬನೇ ಕೂತು ತಿಂತಾನೆ, ಬಸ್ ಸ್ಟಾಂಡಲ್ಲಿ ಕೂತವನ ಥರ. ನೋಡೋಕಾಗಲ್ಲ. ಅದಕ್ಕೆ ನಾನೂ ತಟ್ಟೆ ಹಾಕ್ಕೊಂಡು ಜೊತೆಗೆ ಕೂರ್ತೀನಿ. ಖಾಲಿ ತಟ್ಟೆ ಇಟ್ಕೊಂಡು ಕೂರೋಕಾಗುತ್ತಾ? ಅವನಿಗೆ ಗೊತ್ತಾಗಿಬಿಡುತ್ತೆ. ನನ್ನ ಊಟ ಆಗಿಲ್ಲ ಅಂತ್ಲೇ ಹೇಳ್ತೀನಿ, ಆಗ ಸಂಕೋಚ ಇಲ್ದೆ ತಿಂತಾನೆ. ಪಾಪ, ಹೊರಗೆ ದುಡಿದು ಬಂದಿರ್ತಾನೆ.”

“ದಿನಾನಾ?”

“ದಿನಾ. ಭಾನುವಾರ ಬಿಟ್ಟು.”

ಅವನು ಮೇಜಿನ ಅಂಚು ಹಿಡಿದುಕೊಂಡ. ಇಷ್ಟು ವರ್ಷ ಅವನೆದುರು ಕೂತು ತುತ್ತು ಕಲೆಸುತ್ತಿದ್ದ ಅಕ್ಕನ ಕೈ ಕಣ್ಣಿಗೆ ಬಂತು: ನಿಧಾನವಾಗಿ, ಒಲ್ಲದೆ, ಪ್ರತಿ ತುತ್ತನ್ನೂ ತಟ್ಟೆಯ ಸುತ್ತ ಒಂದು ಸುತ್ತು ತಿರುಗಿಸಿ ಬಾಯಿಗೆ ಒಯ್ಯುತ್ತಿದ್ದ ಕೈ. ಅದನ್ನು ಅವನು ದುಃಖ ಎಂದುಕೊಂಡಿದ್ದ. ಅಕ್ಕ ಭಾವನನ್ನು ಇನ್ನೂ ಮರೆತಿಲ್ಲ ಎಂದುಕೊಂಡಿದ್ದ. ಆ ನಿಧಾನ ಹೊಟ್ಟೆ ತುಂಬಿದವಳ ನಿಧಾನವಾಗಿತ್ತು. ಅದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗಬೇಕಿತ್ತು? ಮನೆಯ ಮೇಜಿನ ಈಚೆ ಬದಿಯಲ್ಲಿ ತಾನೂ ಹಾಗೇ ತುತ್ತು ತಿರುಗಿಸುತ್ತಿದ್ದನಲ್ಲ.

“ಅಕ್ಕಾ,” ಎಂದ, “ನಾನು ಕ್ಯಾಂಟೀನಲ್ಲಿ ತಿಂದ್ಕೊಂಡು ಬರ್ತಿದ್ದೆ.”

“ಏನು?”

“ಊಟ. ದಿನಾ. ಗುಮಾಸ್ತರ ಜೊತೆ. ಮೊದಮೊದಲು, ನೀನು ಊಟ ಮುಗಿಸಿರ್ತೀಯ, ಮತ್ತೆ ಬಿಸಿ ಮಾಡೋಕೆ ಏಳಿಸೋದು ಬೇಡ ಅಂತ. ಬಂದು ನೋಡಿದ್ರೆ ನೀನು ತಟ್ಟೆ ಮುಚ್ಚಿಟ್ಟು ಕಾದಿದ್ದೆ, ನಂದೂ ಆಗಿಲ್ಲ ಅಂದೆ. ನಂದು ಆಗಿದೆ ಅಂತ ಹೇಗೆ ಹೇಳ್ಲಿ? ಹೇಳೋಕಾಗಲಿಲ್ಲ. ಮಾರನೇ ದಿನಾನೂ ಆಗಲಿಲ್ಲ. ಆಮೇಲೆ... ಹೇಳೋ ಕಾಲ ದಾಟಿಹೋಯ್ತು.”

ಅಕ್ಕನ ಬಾಯಿ ತೆರೆದೇ ಇತ್ತು. “ತಿಂದು ಬಂದು ಮತ್ತೆ ತಿಂತಿದ್ಯಾ?”

“ಹೂಂ.”

“ಇನ್ನೊಂಚೂರು ಹಾಕ್ಲಾ ಅಂದ್ರೆ ಹಾಕು ಅಂತಿದ್ಯಲ್ಲೋ!”

“ನಂಗೆ ಬಡಿಸಿದ್ರೆ ನೀನೂ ಬಡಿಸ್ಕೋತಿದ್ದೆ. ನೀನು ತಿನ್ನಲಿ ಅಂತ.”

ಡಾಕ್ಟರು ಮೊದಲು ಕಾಗದದ ಮೇಲೆ ಬಗ್ಗಿದರು, ಆಮೇಲೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಭುಜ ಅಲುಗುತ್ತಿದ್ದದ್ದು ಕಂಡಿತು. ಅಕ್ಕನಿಗೆ ಮಾತ್ರ ಸಿಟ್ಟೇ ಬಂದಿತ್ತು. ತರಕಾರಿ ಹೆಚ್ಚಿ, ಬಿಸಿ ಮಾಡಿ, ಮುಚ್ಚಿಟ್ಟು, ಮಂಡಿನೋವಿನಲ್ಲಿ ಎರಡನೇ ಸಲ ಎದ್ದು ಬಡಿಸಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ನಡುವೆ ಎಲ್ಲೋ ದಾರಿ ತಪ್ಪಿ ನಗು ಬಂತು, ಬಂದ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಸುರಿಯಿತು. ಅವನೂ ನಕ್ಕ. ಬಾಗಿಲು ತೆರೆದು ಇಣುಕಿದ ನರ್ಸ್‌ಗೆ ಡಾಕ್ಟರು ಏನಿಲ್ಲ ಎಂದು ಕೈಸನ್ನೆ ಮಾಡಿದರು.

“ಔಷಧಿ ಬರೆಯಲ್ಲ,” ಎಂದರು ಕೊನೆಗೆ. “ಒಬ್ಬೊಬ್ಬರಿಗೆ ಒಂದೊಂದು ಊಟ. ಟಿವಿ ನೋಡಿ, ಆದ್ರೆ ಅದರ ಮುಂದೆ ತಟ್ಟೆ ಬೇಡ. ಮತ್ತೆ ಇಬ್ಬರೂ ನಡೀರಿ. ಸಾರ್, ನಿಮ್ಮನ್ನ ನಾನು ಇವತ್ತು ತೂಗ್ತಿಲ್ಲ. ಮುಂದಿನ ಸಲ ಬಿಡಲ್ಲ.”

ಬಸ್ಸು ಹತ್ತದೆ ನಡೆದೇ ಹೋಗೋಣ ಎಂದದ್ದು ಅಕ್ಕ. ಬಿಸಿಲು ಇಳಿದಿತ್ತು. ಅಂಗಡಿ ಬಂದಾಗಲೆಲ್ಲ ಅವಳು ನಿಲ್ಲುತ್ತಿದ್ದಳು. ಉಸಿರಿಗಾಗಿ ನಿಂತದ್ದನ್ನು ಗಾಜಿನಾಚೆಯ ಬಕೆಟ್ಟು, ಗಡಿಯಾರ, ಮಕ್ಕಳ ಬೂಟು ನೋಡಲು ನಿಂತ ಹಾಗೆ ತೋರಿಸಿಕೊಳ್ಳುತ್ತಿದ್ದಳು. ಅವನೂ ನಿಂತು ಬಕೆಟ್ಟು ನೋಡುತ್ತಿದ್ದ. ನಗು ಮುಗಿದ ಮೇಲಿನ ಖಾಲಿಯಲ್ಲಿ ಅವನಿಗೆ ಮತ್ತೆ ಚುಚ್ಚತೊಡಗಿತ್ತು. ಊಟದ ಲೆಕ್ಕ ಬಗೆಹರಿಯಿತು. ಆದರೆ ಟಿವಿ ತಂದದ್ದು ಯಾಕೆಂಬುದು ಬಗೆಹರಿದಿರಲಿಲ್ಲ. ಚಪ್ಪಲಿ ಅಂಗಡಿಯೊಂದರ ಮುಂದೆ ಅಕ್ಕ ಕಂಬ ಹಿಡಿದು ನಿಂತಾಗ ಹೇಳಿಬಿಟ್ಟ.

“ನಿನ್ನ ಸಂತೋಷಕ್ಕೆ ಅಂತ ನಾನು ಟಿವಿ ತರಲಿಲ್ಲ ಅಕ್ಕ. ನೀನು ಅಳ್ತಾ ಕೂತ್ರೆ ಎದುರಿಗೆ ಕೂರೋಕೆ ಆಗ್ತಿರ್ಲಿಲ್ಲ. ತಪ್ಪಿಸ್ಕೊಳ್ಳೋಕೆ ತಂದೆ. ಕೋರ್ಟಲ್ಲೂ ಅಷ್ಟೆಲ್ಲಾ ಕೆಲಸ ಇರ್ಲಿಲ್ಲ.”

“ಗೊತ್ತು,” ಎಂದಳು ಅಕ್ಕ, ಗಾಜಿನಾಚೆ ನೋಡುತ್ತಲೇ.

“ಗೊತ್ತಿತ್ತಾ?”

“ಇಲ್ದೆ ಏನು. ನಾನು ಅತ್ರೆ ಮನೆಗೆ ಪೊಲೀಸಿನವರು ಬಂದ ಹಾಗೆ ನೀನು ನೆಟ್ಟಗೆ ಕೂರ್ತಿದ್ದೆ. ನೀರು ಬೇಕಾ, ನೀರು ಬೇಕಾ. ನಿನ್ನ ಮುಖ ನೋಡಿದ್ರೆ ನನಗೆ ಇನ್ನೂ ಅಳು ಬರ್ತಿತ್ತು. ಇವನ ಜೀವಕ್ಕೆ ಬಂದು ಅಂಟ್ಕೊಂಡೆನಲ್ಲ ಅಂತ. ಟಿವಿ ಬಂದ ದಿನ ಎಷ್ಟು ಆರಾಮಾಯ್ತು ಗೊತ್ತಾ? ಅದು ನೀರು ಬೇಕಾ ಅಂತ ಕೇಳಲ್ಲ. ಅದರ ಮುಂದೆ ಅಳಬಹುದು. ಧಾರಾವಾಹೀಲಿ ಯಾರಾದ್ರೂ ಸತ್ರೆ ಅವರ ನೆಪದಲ್ಲಿ ನಿಮ್ಮ ಭಾವನಿಗೂ ಅತ್ತುಬಿಡ್ತಿದ್ದೆ. ನಿನ್ನ ಕಾಲಿನ ಸದ್ದು ಮೆಟ್ಟಿಲ ಮೇಲೆ ಕೇಳ್ತಿದ್ದ ಹಾಗೆ ದನಿ ಜೋರು ಮಾಡಿ ಮುಖ ತೊಳ್ಕೊಂಡು ಬರ್ತಿದ್ದೆ. ಆಮೇಲಾಮೇಲೆ ಅಳು ತಾನೇ ನಿಂತುಹೋಯ್ತು. ಕಥೆ ನೋಡೋ ಚಟ ಉಳೀತು ಅಷ್ಟೆ. ನೀನೇನೋ ದೊಡ್ಡ ಪಾಪ ಮಾಡಿದೋನ ಹಾಗೆ ಆ ಡಾಕ್ಟ್ರು ಹುಡುಗಿ ಮುಂದೆ ‘ತಂದವನೂ ನಾನೇ’ ಅಂತ ಕೂಗ್ತಿದ್ದೆ.”

ಅವನಿಗೆ ಹಗುರವಾಯಿತು. ಹಗುರವಾದ ಜಾಗದಲ್ಲಿ ಸಣ್ಣ ಅವಮಾನವೂ ಕೂತಿತು. ಇಷ್ಟು ವರ್ಷ ಅವನು ತನ್ನೊಳಗೆ ಕಟಕಟೆ ಕಟ್ಟಿ, ತಾನೇ ಆರೋಪಿಯಾಗಿ, ತಾನೇ ನಕಲು ಟೈಪು ಮಾಡಿಕೊಂಡು ಕೂತಿದ್ದ ಮೊಕದ್ದಮೆಯಲ್ಲಿ ಅಕ್ಕ ಒಮ್ಮೆಯೂ ಹಾಜರಾಗಿರಲಿಲ್ಲ. ಅವಳ ದುಃಖಕ್ಕೂ ಅವಳ ಮೈಗೂ ತಾನೇ ಕಾರಣ ಎಂದುಕೊಳ್ಳುವುದರಲ್ಲಿ ಎಂಥ ದೊಡ್ಡಸ್ತಿಕೆ ಇತ್ತು! ಅವಳು ತನ್ನ ಪಾಡಿಗೆ ತಾನು ಅತ್ತಿದ್ದಳು, ತನ್ನ ಪಾಡಿಗೆ ಅಳು ಮುಗಿಸಿದ್ದಳು, ಅವನಿಗೆ ಗೊತ್ತೇ ಆಗದ ಹಾಗೆ ಬದುಕಿಗೆ ವಾಪಸು ಬಂದು, ಕಡಲೆಕಾಯಿ ತಿನ್ನುತ್ತ ಅವನ ಒಂಟಿತನಕ್ಕೆ ಮರುಗಿ ಎರಡನೇ ತಟ್ಟೆ ಹಾಕಿಕೊಂಡಿದ್ದಳು. ಕಾಪಾಡಬೇಕಾದವರು ಯಾರೆಂಬುದೇ ಅವನಿಗೆ ತಲೆಕೆಳಗಾಗಿ ಕಂಡಿತ್ತು. ಆಸ್ಪತ್ರೆಯಲ್ಲಿ ಇಟ್ಟ ಆ ಅರ್ಧ ಹೆಜ್ಜೆಯ ವಿಚಾರವನ್ನೂ ಹೇಳಿಬಿಡಲೇ ಎಂದು ಬಾಯಿ ತೆರೆದ. ಅಕ್ಕ ಆಗಲೇ ಮುಂದಕ್ಕೆ ನಡೆದಿದ್ದಳು. ಹೇಳುವುದೆಲ್ಲ ಹೇಳಿ ಅವಳ ತಲೆಗೆ ಕಟ್ಟುವುದು ಬೇಡವೆನಿಸಿ ಓಡುನಡಿಗೆಯಲ್ಲಿ ಹೋಗಿ ಅವಳ ಕೈಚೀಲ ತೆಗೆದುಕೊಂಡ.

“ಮೆಲ್ಲಗೆ ಬಾರೋ,” ಎಂದಳು ಅವಳು. “ನಿಂಗೇ ಏದುಸಿರು ಬರ್ತಿದೆ.”

ಮೊದಲ ಕೆಲವು ದಿನ ಕಷ್ಟವೇ ಆಯಿತು. ಸಂಜೆ ಕ್ಯಾಂಟೀನಿಗೆ ಹೊರಟ ಗುಮಾಸ್ತರು, “ಯಾಕ್ರಿ, ನಮ್ಮ ಮೇಲೆ ಕೋಪಾನಾ?” ಎಂದು ಕೇಳಿದರು. ಮನೆಗೆ ಬೇಗ ಬಂದರೆ ಅಕ್ಕನಿಗೂ ಇವನಿಗೂ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಸಂಜೆಯಲ್ಲಿ ಇಬ್ಬರೂ ಪರಸ್ಪರ ಹೊಸಬರು. ಬೀದಿಯ ಕೊನೆಯ ತನಕ ನಡೆದು ಬರುತ್ತಿದ್ದರು. ಅಕ್ಕ ಧಾರಾವಾಹಿಯ ಕಥೆ ಹೇಳುವಳು, ಅವನು ಕೆಟ್ಟವರ ಹೆಸರುಗಳನ್ನು ಅದಲುಬದಲು ಮಾಡಿ ಬೈಸಿಕೊಳ್ಳುವನು. ತೂಕ ಇಳಿಯಿತೋ ಇಲ್ಲವೋ ಹೇಳುವಷ್ಟು ದಿನ ಇನ್ನೂ ಆಗಿರಲಿಲ್ಲ.

ಅಂಥ ಒಂದು ಸಂಜೆ ಕೆಲಸ ನಿಜವಾಗಿಯೇ ತಡವಾಯಿತು. ಒಬ್ಬ ಸಾಕ್ಷಿ ಮಧ್ಯಾಹ್ನದಿಂದ ಕಟಕಟೆ ಬಿಟ್ಟಿರಲಿಲ್ಲ. ಎಲ್ಲ ಮುಗಿಸಿ ಹೊರಗೆ ಬಂದು ಬೀದಿಯಲ್ಲಿ ನಡೆಯುವಾಗ ಹೊಟ್ಟೆಯಲ್ಲಿ ಏನೋ ಆಗತೊಡಗಿತು. ಮೊದಲು ನೋವೆಂದುಕೊಂಡು ಹೆದರಿದ. ಕೈಯಿಟ್ಟು ನೋಡಿದ. ನೋವಲ್ಲ. ಒಳಗೆ ಯಾರೋ ಖಾಲಿ ಪಾತ್ರೆಯನ್ನು ನೆಲದ ಮೇಲೆ ಎಳೆದಂತೆ, ಮಂದವಾಗಿ, ಒತ್ತಾಯವಾಗಿ. ಬಾಯಲ್ಲಿ ನೀರೂರಿತು. ಯಾವುದೋ ಮನೆಯ ಒಗ್ಗರಣೆಯ ವಾಸನೆಗೆ ಕಾಲು ತಾನಾಗಿಯೇ ಬೇಗಬೇಗ ಬಿತ್ತು. ಹಸಿವು. ಎಷ್ಟು ವರ್ಷವಾಗಿತ್ತೋ ಅದನ್ನು ಕಂಡು, ಗುರುತೇ ಸಿಗದಷ್ಟು. ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಾಗ ಅಡುಗೆಯ ಮೇಜಿನ ಮೇಲೆ ಮುಚ್ಚಿದ ಪಾತ್ರೆಗಳು, ಬೋರಲು ಹಾಕಿದ ಎರಡು ತಟ್ಟೆಗಳು. ಅಕ್ಕ ಟಿವಿಯ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಅಕ್ಕಾ, ಹಸಿವಾಗ್ತಿದೆ,” ಎಂದ. ಆ ಮಾತು ಬಾಯಿಂದ ಹೊರಟಾಗ ಎಂಟು ವರ್ಷದ ಹುಡುಗನ ದನಿಯಲ್ಲಿ ಹೊರಟಿತು.

“ನಂಗೂ ಪ್ರಾಣ ಹೋಗ್ತಿದೆ,” ಎಂದಳು ಅಕ್ಕ ತಿರುಗದೆ. “ಇರು, ಅವಳು ಬಾಗಿಲು ತೆಗೀಲಿ.”

ಪರದೆಯ ಮೇಲೆ ಹೆಂಗಸೊಬ್ಬಳು ಮುಚ್ಚಿದ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು. ಆಚೆ ಯಾರಿದ್ದಾರೆ ಎಂದು ಕೇಳಿದ. ಸೋಮವಾರದಿಂದ ನಿಂತಿದ್ದಾಳೆ, ಇವತ್ತು ತೆಗೀತಾಳೆ ನೋಡು ಎಂದಳು ಅಕ್ಕ. ಅವನು ಪಕ್ಕದಲ್ಲಿ ಕೂತ. ಹೆಂಗಸು ಚಿಲಕ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಸಂಗೀತ ಏರಿ ಒಮ್ಮೆಲೇ ನಿಂತಿತು. ಆ ನಿಶ್ಶಬ್ದದಲ್ಲಿ ಒಂದು ಹೊಟ್ಟೆ ಗುರ್‍ರೆಂದು ಉದ್ದಕ್ಕೆ ಕೂಗಿತು.

“ನಿಂದಾ?” ಎಂದಳು ಅಕ್ಕ.

“ನಿಂದಲ್ವಾ?” ಎಂದ ಅವನು.

ಇಬ್ಬರೂ ಉಸಿರು ಹಿಡಿದು, ಇನ್ನೊಮ್ಮೆ ಕೂಗೀತೇ ಎಂದು ಕಿವಿಗೊಟ್ಟು ಕೂತರು.